ಸಾಕೆಟ್‌ಪೇರ್: ಕ್ಲೋಸ್ ಮಾಡೋಕೆ ಮರೆತ ಆ ಇನ್ನೊಂದು ತುದಿ

[ತೆರೆ ಮೇಲೆ: ಟರ್ಮಿನಲ್. ಕರ್ಸರ್ ಮಿನುಗ್ತಿದೆ, ಬೇರೇನೂ ಆಗ್ತಿಲ್ಲ.]

ಈ ಪ್ರೋಗ್ರಾಂ ಹ್ಯಾಂಗ್ ಆಗಿ ಕೂತಿದೆ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ಬಿಟ್ಟು ಹೋಗಿರೋದು ಒಂದೇ ಒಂದು ಸಾಲು. ಯಾವುದು ಅಂತ ಆಮೇಲೆ ಹೇಳ್ತೀನಿ.

ಸಾಕೆಟ್ ಅಂದ್ರೆ ಪ್ರೋಗ್ರಾಂಗಳು ಡೇಟಾ ಕಳಿಸೋಕೆ, ಪಡೆಯೋಕೆ ಬಳಸೋ ಸಂಪರ್ಕದ ತುದಿ. ಆ ಹೆಸರು ಕೇಳಿದ ಕೂಡಲೇ ಬೈಂಡ್, ಲಿಸನ್, ಕನೆಕ್ಟ್, ಆಕ್ಸೆಪ್ಟ್ ಅಂತ ದೊಡ್ಡ ಮೆರವಣಿಗೆ ನೆನಪಾಗುತ್ತೆ. ಇಲ್ಲಿ ಅದ್ಯಾವುದೂ ಬೇಡ. ಸಾಕೆಟ್‌ಪೇರ್ ಅಂತ ಒಂದು ಕಾಲ್ ಮಾಡಿದ್ರೆ ಎರಡು ಸಾಕೆಟ್ ಸಿಗುತ್ತವೆ, ಆಗಲೇ ಒಂದಕ್ಕೊಂದು ಕನೆಕ್ಟ್ ಆಗಿರುತ್ತವೆ. 1983ರ 4.2 ಬಿಎಸ್‌ಡಿ ಅನ್ನೋ ಯುನಿಕ್ಸ್ ಆವೃತ್ತಿಯಲ್ಲೇ ಬಂದಿದ್ದು ಇದು.

[ತೆರೆ ಮೇಲೆ: ಫಂಕ್ಷನ್‌ನ ನಾಲ್ಕು ಆರ್ಗ್ಯುಮೆಂಟ್‌ಗಳು]

ಡೊಮೇನ್‌ಗೆ ಎಎಫ್_ಯುನಿಕ್ಸ್, ಅಂದ್ರೆ ಮಾತುಕತೆ ಒಂದೇ ಯಂತ್ರದೊಳಗೆ; ಟೈಪ್‌ಗೆ ಸಾಕ್_ಸ್ಟ್ರೀಮ್, ಅಂದ್ರೆ ಬೈಟ್‌ಗಳ ಒಂದೇ ಹರಿವು; ಪ್ರೋಟೋಕಾಲ್ 0, ಕೊನೆಗೆ ಎರಡು ಇಂಟಿಜರ್ ಹಿಡಿಸೋ ಅರೇ. ವಾಪಸ್ 0 ಬಂದ್ರೆ ಸರಿ, -1 ಬಂದ್ರೆ ತಪ್ಪಿನ ಕಾರಣ ಹೇಳೋ ಎರ್‌ನೋ ನೋಡಿ. ಲಿನಕ್ಸ್‌ನ ಪೈಪ್‌ನಲ್ಲಿ ಡೇಟಾ ಒಂದೇ ದಿಕ್ಕಿಗೆ ಹರಿಯುತ್ತೆ. ಇಲ್ಲಿ ಎರಡೂ ತುದಿಯಿಂದ ಓದಬಹುದು, ಬರೀಬಹುದು.

ಈ ಸಾಕೆಟ್‌ಗಳಿಗೆ ಹೆಸರು, ವಿಳಾಸ ಏನೂ ಇರಲ್ಲ. ಹಾಗಾಗಿ ಮೊದಲು ಸಾಕೆಟ್‌ಪೇರ್, ಆಮೇಲೆ ಫೋರ್ಕ್, ಅಂದ್ರೆ ಪ್ರೊಸೆಸ್ ತನ್ನದೇ ನಕಲು ಹುಟ್ಟಿಸೋ ಕಾಲ್. ಮೂಲದ್ದು ಪೇರೆಂಟ್, ನಕಲು ಚೈಲ್ಡ್. ಉಲ್ಟಾ ಮಾಡಿದ್ರೆ ಎರಡು ಪ್ರೊಸೆಸ್ ಹತ್ರಾನೂ ಬೇರೆ ಬೇರೆ ಜೋಡಿ ಇರುತ್ತೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಲ್ಲ.

[ತೆರೆ ಮೇಲೆ: ಪೇರೆಂಟ್, ಚೈಲ್ಡ್, ಇಬ್ಬರ ಹತ್ರಾನೂ 0 ಮತ್ತು 1]

ಈಗ ಆ ಹ್ಯಾಂಗ್. ಪೇರೆಂಟ್ ಬಳಸೋದು ಅರೇಯ 0ನೇ ಸಾಕೆಟ್, ಚೈಲ್ಡ್ ಬಳಸೋದು 1ನೇದು. ಆದ್ರೆ ಫೋರ್ಕ್ ಆದಾಗ ಎರಡೂ ಡಿಸ್ಕ್ರಿಪ್ಟರ್‌ಗಳ, ಅಂದ್ರೆ ತೆರೆದ ಸಾಕೆಟ್‌ಗಳ ಗುರುತು ಸಂಖ್ಯೆಗಳ, ನಕಲು ಚೈಲ್ಡ್‌ಗೂ ಹೋಗಿರುತ್ತೆ. ಪೇರೆಂಟ್ ಬರೆದು ಮುಗಿಸಿ 0 ಅನ್ನು ಕ್ಲೋಸ್ ಮಾಡ್ತು. ಚೈಲ್ಡ್‌ನ ರೀಡ್ ಈಗ 0 ಕೊಡಬೇಕು, ಅಂದ್ರೆ 'ಡೇಟಾ ಮುಗೀತು'. ಕೊಡಲ್ಲ! 0ನೇ ಸಾಕೆಟ್ ಚೈಲ್ಡ್ ಕೈಯಲ್ಲೇ ಇನ್ನೂ ತೆರೆದಿದೆಯಲ್ಲ, ಅಲ್ಲಿಂದ ಯಾರಾದ್ರೂ ಬರೆದಾರು ಅಂತ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಲೆಕ್ಕ. ಪಾಪ, ಚೈಲ್ಡ್ ತನ್ನ ದಾರಿಯನ್ನ ತಾನೇ ಕಾಯ್ತಾ ಕೂತಿದೆ.

ಫೋರ್ಕ್ ಆದ ತಕ್ಷಣ ಚೈಲ್ಡ್ 0 ಅನ್ನು, ಪೇರೆಂಟ್ 1 ಅನ್ನು ಕ್ಲೋಸ್ ಮಾಡಬೇಕು. ಪೇರೆಂಟ್‌ಗೆ ಉತ್ತರವೂ ಬೇಕಿದ್ರೆ ತನ್ನ ತುದಿ ಕ್ಲೋಸ್ ಮಾಡೋ ಬದಲು ಶಟ್‌ಡೌನ್ ಕರೆದು ಶಟ್_ಡಬ್ಲ್ಯೂಆರ್ ಕೊಡಲಿ. ಬರೆಯೋದು ನಿಲ್ಲುತ್ತೆ, ಓದೋದು ನಡೀತಿರುತ್ತೆ. ನನಗಂತೂ ಸಾಕೆಟ್‌ಪೇರ್ ಇಷ್ಟ ಆಗೋದೇ ಇದಕ್ಕೆ.

ಇನ್ನೊಂದು: ಸಾಕ್_ಸ್ಟ್ರೀಮ್‌ನಲ್ಲಿ ಎರಡು ಸಲ ಬರೆದದ್ದು ಒಂದೇ ರೀಡ್‌ಗೆ ಅಂಟಿಕೊಂಡು ಬರಬಹುದು. ಒಂದೊಂದು ಮೆಸೇಜೂ ಬಿಡಿಯಾಗೇ ಬರಬೇಕಿದ್ರೆ ಸಾಕ್_ಸೆಕ್‌ಪ್ಯಾಕೆಟ್ ಹಾಕಿ.

[ತೆರೆ ಮೇಲೆ: ಚೈಲ್ಡ್ ಭಾಗಕ್ಕೆ ಕ್ಲೋಸ್ ಸಾಲು ಸೇರುತ್ತೆ. ಕಂಪೈಲ್, ರನ್. ಪ್ರಾಂಪ್ಟ್ ವಾಪಸ್.]