ಎರಡನೇ ಸಲ ಕರೆದ ಹಾಲು

ಕೇಳುಗರಿಗೆ ನಮಸ್ಕಾರ. ಹಸು ಸಾಕಿದ ಮನೇಲಿ ಬೆಳೆದೋರಿಗೆ ಇದನ್ನ ಹೇಳ್ಕೊಡೋದೇ ಬೇಡ, ಮೊದ್ಲು ಬರೋ ಹಾಲು ತೆಳು, ಕೊನೇಲಿ ಕೆಚ್ಚಲಲ್ಲಿ ಉಳ್ಕೊಳುತ್ತಲ್ಲ ಅದೇ ಗಟ್ಟಿ, ಕೆನೆ ಎಲ್ಲಾ ಅದ್ರಲ್ಲೇ ಇರೋದು. ಈ ಗುಟ್ಟು ಹಿಡ್ಕೊಂಡು ಜಮೀನ್ದಾರರಿಗೇ ಟೋಪಿ ಹಾಕಿದ ಒಂದು ಚೀಸ್ ಇದೆ, ಹೆಸರು ರೆಬ್ಲೋಶೊನ್. ಕೊನೇ ನಕಾರಾನ ಅಲ್ಲಿಯವರು ಮೂಗಲ್ಲೇ ಮುಗಿಸಿಬಿಡ್ತಾರೆ, ನಾನು ಪ್ರಯತ್ನಪಟ್ರೆ ನೆಗಡಿ ಆಗಿದೆ ಅನ್ಕೊಂಡೀರಿ, ಬೇಡ ಬಿಡಿ.

ಇದು ಆಲ್ಪ್ಸ್ ಬೆಟ್ಟದ ಸವೋಯ್ ಸೀಮೇದು, ಅದ್ರಲ್ಲೂ ಅರಾವಿ ಬೆಟ್ಟಸಾಲಿನ ಕೆಳಗಿರೋ ತೋನ್ ಕಣಿವೇದು. ನಾವು ಫ್ರೆಂಚ್ ಚೀಸ್ ಅಂತೀವಿ, ಆದ್ರೆ ಸವೋಯ್ ಫ್ರಾನ್ಸಿಗೆ ಸೇರಿದ್ದೇ 1860ರಲ್ಲಿ, ಚೀಸ್ ಅದಕ್ಕಿಂತ ಎಷ್ಟೋ ಹಳೇದು.

ಕಥೆ ಏನಪ್ಪಾ ಅಂದ್ರೆ, ಸುಮಾರು ಹದಿಮೂರು ಹದಿನಾಲ್ಕನೇ ಶತಮಾನದಲ್ಲಿ ಅಲ್ಲಿನ ಹುಲ್ಲುಗಾವಲೆಲ್ಲಾ ಮಠದವರದ್ದು ಇಲ್ಲಾ ಜಮೀನ್ದಾರರದ್ದು, ರೈತ ಗೇಣಿ ಕೊಡ್ಬೇಕು, ಗೇಣಿ ಎಷ್ಟು ಅನ್ನೋದು ಹಸು ಎಷ್ಟು ಹಾಲು ಕೊಡುತ್ತೆ ಅನ್ನೋದ್ರ ಮೇಲೆ. ಅಳತೆ ಮಾಡೋಕೆ ಆಳು ಬರೋ ದಿನ ರೈತ ಪೂರ್ತಿ ಕರೀತಾನೇ ಇರ್ಲಿಲ್ಲ, ಅರ್ಧಂಬರ್ಧ ಕರ್ದು ಇಷ್ಟೇ ಸ್ವಾಮಿ ಅಂತ ಕೈ ತೊಳ್ಕೊಂಡುಬಿಡೋನು, ಆ ಮನುಷ್ಯ ಗುಡ್ಡ ಇಳಿದು ಹೋದ ಅಂತ ಗೊತ್ತಾದ್ಮೇಲೆ ಮತ್ತೆ ಚೊಂಬು ಹಿಡ್ಕೊಂಡು ಹಸು ಹತ್ರ ಕೂರೋನು. ಹೀಗೆ ಮತ್ತೆ ಕರೆಯೋದಕ್ಕೆ ಅಲ್ಲಿನ ಆಡುಮಾತಲ್ಲಿ ರೆಬ್ಲೊಶೆ ಅಂತಾರೆ, ಚೀಸಿನ ಹೆಸರು ಬಂದಿದ್ದು ಅದ್ರಿಂದಾನೇ. ಸಿಗ್ತಿದ್ದ ಹಾಲು ಸ್ವಲ್ಪ, ಆದ್ರೆ ಬರೀ ಕೆನೆ. ಬಿಸಿ ಆರೋಕೆ ಮುಂಚೆನೇ ಅದನ್ನ ಚೀಸ್ ಮಾಡಿ ಮುಗಿಸೋರು. ಇನ್ನೊಂದು ತಮಾಷೆ, ಮನೆ ಕೊಟ್ಟಿಗೆ ಹರಸೋಕೆ ಬರ್ತಿದ್ದ ಸನ್ಯಾಸಿಗಳಿಗೆ ಭಕ್ತಿಯಿಂದ ಇದೇ ಚೀಸನ್ನ ಕಾಣಿಕೆ ಕೊಡ್ತಿದ್ರಂತೆ!

ಆಗ ಕದ್ದು ಮಾಡ್ತಿದ್ದಿದ್ದಕ್ಕೆ ಈಗ ಇಲ್ಲದ ಕಾನೂನಿಲ್ಲ. 1958ರಲ್ಲಿ ಸರ್ಕಾರ ಹೆಸರಿಗೆ ರಕ್ಷಣೆ ಕೊಡ್ತು, ಸೀಮೆ ಬಿಟ್ಟು ಬೇರೆ ಕಡೆ ಮಾಡಿದ್ರೆ ರೆಬ್ಲೋಶೊನ್ ಅನ್ನಂಗಿಲ್ಲ. ಹಸು ಮೂರೇ ತಳಿ, ಅಬೊಂಡಾನ್ಸ್, ತಾರೀನ್, ಮೊಂಬೆಲಿಯಾರ್ಡ್. ಅಬೊಂಡಾನ್ಸ್ ನೋಡೋಕೇ ಚಂದ, ಬಿಳೀ ಮುಖ, ಕಣ್ಣ ಸುತ್ತ ಕೆಂಪು ಬಣ್ಣ, ಕನ್ನಡಕ ಹಾಕ್ಕೊಂಡಂಗೆ. ತಿನ್ನೋಕೆ ಹುಲ್ಲು, ಒಣಹುಲ್ಲು ಕೊಡ್ತಾರೆ, ಸೈಲೇಜ್ ಅಂದ್ರೆ ಹುದುಗಿಸಿದ ಹಸಿಮೇವು ಹಾಕಂಗಿಲ್ಲ. ಹಾಲು ಕಾಯಿಸಂಗಿಲ್ಲ, ಹಸೀ ಹಾಲೇ ಆಗ್ಬೇಕು, ಅದನ್ನ ಗಟ್ಟಿ ಮಾಡೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ, ಸಸ್ಯಾಹಾರಿ ಕೇಳುಗರು ಇದೊಂದು ಗಮನದಲ್ಲಿಡಿ. ಆಮೇಲೆ ಮರದ ಹಲಗೆ ಮೇಲಿಟ್ಟು ತಿರುಗಿಸ್ತಾ ತೊಳೀತಾ ಎರಡು ಮೂರು ವಾರ ಮಾಗಿಸ್ತಾರೆ, ಕೇಸರಿ ಹಳದಿ ಸಿಪ್ಪೆ ಮೇಲೆ ಬಿಳೀ ಬೂಷ್ಟು ತೆಳ್ಳಗೆ ಕೂರುತ್ತೆ. ಒಂದು ಬಿಲ್ಲೆ ಅರ್ಧ ಕೆಜಿ ಹತ್ರ, ಅದಕ್ಕೆ 4 ಲೀಟರ್ ಅಷ್ಟು ಹಾಲು ಬೇಕು. ವಾಸನೆ ಕೊಟ್ಟಿಗೇದು, ರುಚಿ ಮಾತ್ರ ಮೆತ್ತಗೆ.

ಕೊಳ್ಳೋವಾಗ ಸಿಪ್ಪೆ ಮೇಲೆ ಗುರುತಿಗೆ ಅಂಟಿಸಿರೋ ಪುಟ್ಟ ಬಿಲ್ಲೆಯ ಬಣ್ಣ ನೋಡ್ಬೇಕು. ಹಸಿರಿದ್ರೆ ಒಂದೇ ಮನೆ ಹಸುಗಳ ಹಾಲು, ಅದೇ ಮನೇಲಿ ದಿನಕ್ಕೆ ಎರಡು ಸಲ, ಕರೆದ ತಕ್ಷಣ ಮಾಡಿದ್ದು. ಕೆಂಪಿದ್ರೆ ನಾಲ್ಕಾರು ಮನೆ ಹಾಲು ಸೇರಿಸಿ ಡೈರೀಲಿ ಮಾಡಿದ್ದು. ನನ್ನ ಕೇಳಿದ್ರೆ ಹಸಿರೇ ಸರಿ, ದುಡ್ಡು ಸ್ವಲ್ಪ ಜಾಸ್ತಿ ಆದ್ರೂ.

ಇನ್ನು ತಾರ್ತಿಫ್ಲೆಟ್ ಅಂತ ಒಂದು ತಿನಿಸಿದೆ, ಆಲೂಗಡ್ಡೆ, ಈರುಳ್ಳಿ, ಹಂದಿಮಾಂಸದ ಚೂರು, ಮೇಲೆ ಈ ಚೀಸನ್ನ ಅರ್ಧ ಸೀಳಿ ಹಾಕಿ ಓವನ್ನಲ್ಲಿ ಕರಗಿಸೋದು. ಸ್ಕೀಯಿಂಗಿಗೆ ಬಂದೋರೆಲ್ಲಾ ಇದು ಮುತ್ತಜ್ಜಿ ಕಾಲದ್ದು ಅನ್ಕೊಂಡು ಚಪ್ಪರಿಸ್ತಾರೆ, ಅಸಲಿಗೆ ಚೀಸ್ ಮಾರಾಟ ಹೆಚ್ಚಿಸ್ಬೇಕು ಅಂತ ರೆಬ್ಲೋಶೊನ್ ಮಾಡೋರ ಸಂಘದೋರೇ 1980ರ ದಶಕದಲ್ಲಿ ಪ್ರಚಾರಕ್ಕೆ ತಂದಿದ್ದು. ಅಜ್ಜಿ ಕಾಲದ್ದು ಬೇರೆ, ಅದರ ಹೆಸರು ಪೇಲಾ, ಉದ್ದ ಹಿಡಿಯ ಬಾಣಲೇಲಿ ಆಲೂಗಡ್ಡೆ ಈರುಳ್ಳಿ ಹುರಿದು ಮೇಲೊಂದು ರೆಬ್ಲೋಶೊನ್ ಇಟ್ಟು ಒಲೆ ಮೇಲೇ ಕರಗೋಕೆ ಬಿಡೋದು, ಅಷ್ಟೇ.