ಹಸಿಗೂಸು ಹಸಿರು ಕಕ್ಕಿದರೆ

[ತೆರೆ ಮೇಲೆ: ಬಿಳಿ ಪಂಚೆಯ ತುಂಡು, ಅದರ ಮೇಲೆ ಹಸಿರು ಕಲೆ]

ಈ ಬಟ್ಟೆ ನೋಡಿ. ಎರಡು ದಿನದ ಕೂಸು ಕಕ್ಕಿದ್ದು ಅಂದುಕೊಳ್ಳಿ. ಕುಡಿದ ಹಾಲು ಕಕ್ಕಿದರೆ ಬೆಳ್ಳಗೆ, ಒಡೆದ ಮೊಸರಿನ ಹಾಗೆ ಇರುತ್ತದೆ. ಇದು ಪಾಲಕ್ ಬೇಯಿಸಿದ ನೀರಿನ ಬಣ್ಣ. ಇದು ಪಿತ್ತ, ಅಂದರೆ ಲಿವರ್‌ನಲ್ಲಿ ತಯಾರಾಗುವ ಜೀರ್ಣರಸ.

ನಮ್ಮ ಕೊಪ್ಪಳ, ರಾಯಚೂರು ಕಡೆ ಆಗ "ದೃಷ್ಟಿ ಆಗಿದೆ" ಅಂತಾರೆ. "ಬಜೆ ತೇದು ನೆಕ್ಕಿಸು" ಅಂತಾರೆ. ಅಜ್ಜಿಯ ಅಕ್ಕರೆಗೆ ಎರಡು ಮಾತಿಲ್ಲ. ಆದರೆ ಹಸಿರು ವಾಂತಿ ಬೆಳಗಿನ ತನಕ ಕಾಯುವ ಕಾಯಿಲೆ ಅಲ್ಲ.

ಪಿತ್ತ ಸಣ್ಣ ಕರುಳಿಗೆ ಬಂದು, ಅಲ್ಲಿಂದ ಕೆಳಗೆ ಇಳಿಯಬೇಕು. ಅದು ಬಾಯಿಗೆ ಬಂದರೆ ಮುಂದೆ ದಾರಿ ಕಟ್ಟಿದೆ ಅಂತಲೇ ಮೊದಲು ಅನುಮಾನ ಪಡಬೇಕು. ಕೆಲವು ಮಕ್ಕಳಲ್ಲಿ ಕರುಳಿನ ದಾರಿ ಗರ್ಭದಲ್ಲೇ ಮುಚ್ಚಿರುತ್ತದೆ. ಇನ್ನು ಕೆಲವರಲ್ಲಿ ಕರುಳು ತನ್ನ ಜಾಗದಲ್ಲಿ ಕೂತಿರುವುದಿಲ್ಲ, ಹಗ್ಗದ ಹಾಗೆ ಹುರಿಗೊಳ್ಳುತ್ತದೆ. ನನಗೆ ಜಾಸ್ತಿ ಭಯ ಇದರದ್ದೇ. ರಕ್ತ ನಿಂತು ಕೆಲವೇ ಗಂಟೆಗಳಲ್ಲಿ ಕರುಳು ಸಾಯಬಹುದು.

"ಹೊಟ್ಟೆ ಉಬ್ಬಿಲ್ಲ, ಕಪ್ಪು ಮಲವೂ ಆಯ್ತಲ್ಲ" ಅಂತ ಸುಮ್ನೆ ಕೂರಬೇಡಿ. ತಡೆ ಮೇಲ್ಗಡೆ ಇದ್ದರೆ ಹೊಟ್ಟೆ ಚಪ್ಪಟೆಯೇ ಇರಬಹುದು, ಮಲವೂ ಆಗಬಹುದು.

[ತೆರೆ ಮೇಲೆ: ಕೂಸಿನ ಹೊಟ್ಟೆಯ ಎಕ್ಸ್‌ರೇ]

ಕೂಸು ಹುಟ್ಟಿದ ಕೂಡಲೇ ಗಾಳಿ ನುಂಗುತ್ತದೆ, ಅಲ್ವಾ? ಎಕ್ಸ್‌ರೇಯಲ್ಲಿ ಆ ಗಾಳಿ ಕಪ್ಪಗೆ ಕಾಣುತ್ತದೆ. ಅದು ಎಲ್ಲಿಯವರೆಗೆ ಇಳಿದಿದೆ ಅಂತ ಡಾಕ್ಟರು ನೋಡುತ್ತಾರೆ. ಇಲ್ಲಿ ನೋಡಿ, ಎರಡೇ ಗುಳ್ಳೆ. ದೊಡ್ಡದು ಜಠರ, ಚಿಕ್ಕದು ಸಣ್ಣ ಕರುಳಿನ ಮೊದಲ ಭಾಗ. ಕೆಳಗೆ ಗಾಳಿಯೇ ಇಲ್ಲ. ಇದೇ ಡಬಲ್ ಬಬಲ್. ದಾರಿ ಅಲ್ಲೇ ಮುಚ್ಚಿದೆ.

ಆದರೆ ಕರುಳು ಹುರಿಗೊಂಡಾಗ ಎಕ್ಸ್‌ರೇ ಚೆನ್ನಾಗಿಯೇ ಕಾಣಬಹುದು. ಅದಕ್ಕೇ ಹೊಟ್ಟೆಗೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ಔಷಧಿ ಕೊಟ್ಟು, ಅದು ಇಳಿಯುವ ದಾರಿಯನ್ನು ನೋಡುತ್ತಾರೆ. ತಿಂಗಳು ತುಂಬಿ ಹುಟ್ಟಿದ ಕೂಸಿಗೆ 48 ಗಂಟೆ ಕಳೆದರೂ ಮಲ ಆಗದಿದ್ದರೆ ಕೆಳಗಿನಿಂದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಕರುಳಿನಲ್ಲಿ ಮಲ ಮುಂದಕ್ಕೆ ತಳ್ಳಿಸುವ ನರಕೋಶ ಇಲ್ಲವೇನೋ ಅನ್ನಿಸಿದರೆ ಬಯಾಪ್ಸಿ, ಅಂದರೆ ಕರುಳಿನ ಚಿಕ್ಕ ಚೂರು ತೆಗೆದು ಪರೀಕ್ಷೆ.

ಬಸುರಿಯ ಸ್ಕ್ಯಾನ್ ರಿಪೋರ್ಟ್ ಕವರಿನಲ್ಲಿ ಇದ್ದೇ ಇರುತ್ತದೆ. "ನೀರು ಜಾಸ್ತಿ ಇದೆ" ಅಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದೂ ಒಂದು ಸುಳಿವು.

ಕುಷ್ಟಗಿಯಿಂದ ಬಳ್ಳಾರಿಯೋ ಹುಬ್ಬಳ್ಳಿಯೋ, ದಾರಿ ದೂರ. 108ಕ್ಕೆ ಫೋನ್ ಮಾಡಿ. ಬಾಯಿಗೆ ಏನೂ ಹಾಕಬೇಡಿ, ಹಾಲು ಕೂಡ. ಹತ್ತಿರದ ಆಸ್ಪತ್ರೆಯಲ್ಲಿ ಮೂಗಿನಿಂದ ಟ್ಯೂಬ್ ಇಳಿಸಿ, ಡ್ರಿಪ್ ಹಚ್ಚಿ, ಮಕ್ಕಳ ಸರ್ಜನ್ ಇರುವ ಕಡೆ ಕಳಿಸಲು ಕೇಳಿ. ದಾರಿಯುದ್ದಕ್ಕೂ ಕೂಸನ್ನು ಎದೆಗೆ ಅಪ್ಪಿ ಬೆಚ್ಚಗಿಡಿ. ಆ ಹಸಿರು ಕಲೆಯ ಬಟ್ಟೆ ಒಗೆಯಬೇಡಿ, ಜೊತೆಗೇ ಒಯ್ಯಿರಿ.