ನೀಟ್ ಬರೆದಾಯಿತು, ಇನ್ನೊಂದು ವರ್ಷ ಕೂರಬೇಕಾ?

(ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಒಂದು ವಾಚನಾಲಯದಲ್ಲಿ ಪ್ಲಸ್ ಟು ಮುಗಿಸಿದ ಮಕ್ಕಳು ಮತ್ತು ಹೆತ್ತವರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೆಡಿಕಲ್ ಸೀಟಿನ ಪ್ರವೇಶ ಪರೀಕ್ಷೆ ನೀಟ್‌ನ ಫಲಿತಾಂಶ ಬಂದ ಮೇಲೆ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಚರ್ಚೆ. ಇನ್ನೊಂದು ವರ್ಷ ಕೂತು ರಿಪೀಟ್ ಮಾಡುವುದಾ, ಸಿಕ್ಕಿದ ಕೋರ್ಸಿಗೆ ಸೇರಿಬಿಡುವುದಾ? ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಒನ್‌ಗೆ ಬಂದು ಒಮ್ಮೆಲೇ ಇಂಗ್ಲಿಷಿಗೆ ಬಿದ್ದ ಮಕ್ಕಳಿದ್ದಾರಲ್ಲ, ಅವರಿಗೆ ಒಂದು ವರ್ಷ ಕೊಡಬೇಕು. ಅದು ದಂಡ ಅಲ್ಲ. ಆದರೆ ಎಲ್ಲರಿಗೂ ಇದು ಸರಿಹೋಗುವುದಿಲ್ಲ. ಈ ಸಲ ಎಲ್ಲಿ ಎಡವಿದೆ ಅಂತ ಹೇಳಲು ಬಾರದವರಿಗೆ ಬೇಡವೇ ಬೇಡ.

ಮೊದಲು ಅಂಕದ ಮಾತು ಮುಗಿಸಿಬಿಡೋಣ, ಯಾಕೆಂದರೆ ಜಾಸ್ತಿ ಗೊಂದಲ ಇರುವುದೇ ಇಲ್ಲಿ. "ಮಾಷ್ಟ್ರೇ, ಪಕ್ಕದ ಮನೆಯ ಹುಡುಗನಿಗೆ ಹಿಂದಿನ ವರ್ಷ ಇಷ್ಟು ಬಂದಿತ್ತು, ನಮ್ಮವನಿಗೆ ಅದಕ್ಕಿಂತ ಕಡಿಮೆ" ಅಂತ ಬರುತ್ತಾರೆ. ಆ ಹೋಲಿಕೆಗೆ ಅರ್ಥವೇ ಇಲ್ಲ. 2024ರಲ್ಲಿ 720ಕ್ಕೆ 720 ತೆಗೆದವರೇ ಹಲವರಿದ್ದರು. 2025ರಲ್ಲಿ ಫಿಸಿಕ್ಸ್ ಪೇಪರ್ ಎಷ್ಟು ಕಷ್ಟ ಇತ್ತೆಂದರೆ ದೇಶಕ್ಕೆ ಮೊದಲು ಬಂದವನ ಅಂಕವೇ 686. ಆ ವರ್ಷ 600 ದಾಟಿದವರು ಇಡೀ ದೇಶದಲ್ಲಿ 1,500ಕ್ಕಿಂತ ಕಡಿಮೆ. ಅದರ ಹಿಂದಿನ ವರ್ಷ ಅದೇ 600 ದಾಟಿದವರು ಹತ್ತಾರು ಸಾವಿರ. ಹಾಗಾಗಿ ಅಂಕ ಬಿಡಿ, ರ್‍ಯಾಂಕ್ ನೋಡಿ. ನಿಮ್ಮ ವರ್ಗದಲ್ಲಿ, ನಿಮ್ಮ ರಾಜ್ಯದ ಪಟ್ಟಿಯಲ್ಲಿ ಕೊನೆಯ ಸರಕಾರಿ ಸೀಟು ಎಷ್ಟನೇ ರ್‍ಯಾಂಕಿಗೆ ಸಿಕ್ಕಿತು ಅಂತ ನೋಡಿ. ನೀವು ಅದರಿಂದ ಎಷ್ಟು ದೂರ ಇದ್ದೀರಿ ಅನ್ನುವುದೊಂದೇ ಲೆಕ್ಕಕ್ಕೆ ಬರುವ ಸಂಗತಿ.

ಇನ್ನೊಂದು, "ಕ್ವಾಲಿಫೈ ಆಗಿದ್ದೇನೆ" ಅನ್ನುವ ಮಾತಿಗೆ ಮೋಸ ಹೋಗಬೇಡಿ. ಅದು ಕನಿಷ್ಠ ಅರ್ಹತೆ ಅಷ್ಟೇ. 2025ರಲ್ಲಿ 22 ಲಕ್ಷದಷ್ಟು ಮಕ್ಕಳು ಬರೆದರು, 12 ಲಕ್ಷಕ್ಕೂ ಹೆಚ್ಚು ಜನ ಕ್ವಾಲಿಫೈ ಆದರು. ದೇಶದಲ್ಲಿ ಇರುವ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ, ಅದರಲ್ಲೂ ಕಡಿಮೆ ಫೀಸಿನ ಸರಕಾರಿ ಸೀಟು ಸುಮಾರು ಅರ್ಧ. ಕ್ವಾಲಿಫೈ ಆದ ತಕ್ಷಣ ಯಾವ ಯಾವುದೋ ನಂಬರಿನಿಂದ ಫೋನ್ ಬರಲು ಶುರುವಾಗುತ್ತದೆ, ಸೀಟು ಮಾಡಿಸಿಕೊಡುತ್ತೇವೆ, ಇವತ್ತೇ ಅಡ್ವಾನ್ಸ್ ಕಟ್ಟಿ ಅಂತ. ಕಟ್ಟಬೇಡಿ. ಸೀಟು ಸಿಗುವುದು ಸರಕಾರದ ಕೌನ್ಸೆಲಿಂಗ್‌ನಲ್ಲಿ, ರ್‍ಯಾಂಕ್ ಪ್ರಕಾರ.

ಈಗ ಕನ್ನಡ ಮಾಧ್ಯಮದ ಮಕ್ಕಳ ವಿಷಯಕ್ಕೆ ಬರುತ್ತೇನೆ. ಇವತ್ತು ನಾನು ಬಂದದ್ದೇ ಇದನ್ನು ಹೇಳಲು.

ಪೈವಳಿಕೆ ಕಡೆಯ ಒಬ್ಬಳು ಹುಡುಗಿ. ಎಸ್‌ಎಸ್‌ಎಲ್‌ಸಿಯಲ್ಲಿ ಎಲ್ಲದಕ್ಕೂ ಎ ಪ್ಲಸ್, ಪ್ಲಸ್ ಟುವಿನಲ್ಲಿ ಒಳ್ಳೆಯ ಅಂಕ, ನೀಟ್‌ನಲ್ಲಿ ಮಾತ್ರ ಕೈಕೊಟ್ಟಿತು. ಮನೆಯಲ್ಲಿ ಬಿಎಸ್ಸಿಗೆ ಸೇರಿಸುವ ಮಾತಾಗಿತ್ತು. ಪರೀಕ್ಷೆ ಮುಗಿಸಿ ಬರುವಾಗ ಪ್ರಶ್ನೆಪತ್ರಿಕೆ ಮನೆಗೆ ತರಬಹುದಲ್ಲ, ಅದನ್ನು ತೆಗೆದುಕೊಂಡು ಬಾ ಅಂದೆ. ಉತ್ತರ ಗುರುತು ಹಾಕಿದ ಓಎಂಆರ್ ಹಾಳೆಯ ಚಿತ್ರವನ್ನೂ, ಸರಿ ಉತ್ತರವನ್ನೂ ಪರೀಕ್ಷೆ ನಡೆಸುವ ಎನ್‌ಟಿಎ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆವು. ತಪ್ಪಾದ ಒಂದೊಂದು ಪ್ರಶ್ನೆಯನ್ನೂ ನಾನು ಬಾಯಲ್ಲಿ ಕನ್ನಡದಲ್ಲಿ ಕೇಳಿದೆ. ಬಯಾಲಜಿಯಲ್ಲಿ ತಪ್ಪಾದವುಗಳಲ್ಲಿ ಅರ್ಧಕ್ಕೂ ಹೆಚ್ಚಿಗೆ ಅವಳು ಸರಿ ಉತ್ತರ ಹೇಳಿದಳು, ತಡವರಿಸದೆ. "ಇವುಗಳಲ್ಲಿ ಯಾವ ಹೇಳಿಕೆ ತಪ್ಪು" ಅಂತ ಕೇಳಿದ ಕಡೆಯೆಲ್ಲ ಸರಿಯಾದ ಹೇಳಿಕೆಗೆ ಗುರುತು ಹಾಕಿದ್ದಳು. ನಾಲ್ಕು ಸಾಲಿನ ಪ್ರಶ್ನೆ, ಎರಡು ಹೇಳಿಕೆ ಕೊಟ್ಟು ಒಂದು ಇನ್ನೊಂದಕ್ಕೆ ಕಾರಣ ಹೌದಾ ಅಲ್ಲವಾ ಅಂತ ಕೇಳುವ ಪ್ರಶ್ನೆ, ಇಂಥವು ಬಂದಲ್ಲಿ ಅರ್ಧ ಓದಿ ಬಿಟ್ಟಿದ್ದಳು. ಯಾಕಮ್ಮಾ ಅಂದರೆ, ಟೈಮ್ ಸಾಲಲಿಲ್ಲ ಮಾಷ್ಟ್ರೇ ಅಂದಳು.

ನೋಡಿ, ಇದು ವಿಷಯ ಗೊತ್ತಿಲ್ಲದ ತಪ್ಪು ಅಲ್ಲ. ಹತ್ತು ವರ್ಷ ಕನ್ನಡದಲ್ಲಿ ವಿಜ್ಞಾನ ಕಲಿತ ಮಗು ಎರಡೇ ವರ್ಷದಲ್ಲಿ ಹೊಸ ಪಾಠವನ್ನೂ, ಅದನ್ನು ಹೇಳುವ ಹೊಸ ಭಾಷೆಯನ್ನೂ ಒಟ್ಟಿಗೆ ಕಲಿಯಬೇಕು. ಆಮೇಲೆ 180 ನಿಮಿಷದಲ್ಲಿ 180 ಪ್ರಶ್ನೆ. ಒಂದು ಪ್ರಶ್ನೆಗೆ ಒಂದು ನಿಮಿಷ, ಓದುವುದು, ಯೋಚಿಸುವುದು, ಗುಂಡಿ ತುಂಬಿಸುವುದು ಎಲ್ಲ ಸೇರಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನಿಗೆ ಓದಲು ಹತ್ತು ಸೆಕೆಂಡ್ ಸಾಕಾದರೆ ನಮ್ಮ ಮಗುವಿಗೆ ಇಪ್ಪತ್ತೈದು ಬೇಕು. ಆ ಹದಿನೈದು ಸೆಕೆಂಡನ್ನು 180ರಿಂದ ಗುಣಿಸಿ ನೋಡಿ, ಮುಕ್ಕಾಲು ಗಂಟೆ! ಇಂಥ ಮಗುವಿನ ಮೊದಲ ಪರೀಕ್ಷೆಯನ್ನು ನೋಡಿ "ಇವಳ ಸಾಮರ್ಥ್ಯ ಇಷ್ಟೇ" ಅಂತ ತೀರ್ಮಾನ ಮಾಡುವುದು ಅನ್ಯಾಯ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಓದುವ ವೇಗ ಒಂದು ವರ್ಷದಲ್ಲಿ ಖಂಡಿತ ಬರುತ್ತದೆ, ನಾನು ಕಂಡಿದ್ದೇನೆ. ಆ ಹುಡುಗಿ ಕೂತಳು, ಈಗ ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದಾಳೆ.

ಹಾಗಾದರೆ ಪರೀಕ್ಷೆಯನ್ನೇ ಕನ್ನಡದಲ್ಲಿ ಬರೆಯಬಾರದಾ ಅಂತ ಕೇಳುತ್ತೀರಿ. ನೀಟ್ 13 ಭಾಷೆಗಳಲ್ಲಿದೆ, ಕನ್ನಡವೂ ಇದೆ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕೇರಳದಲ್ಲಿ ಇಂಗ್ಲಿಷ್, ಹಿಂದಿ, ಉರ್ದು ಬಿಟ್ಟರೆ ಮಲಯಾಳ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ರೂಪವೇ ಅಂತಿಮ ಅಂತ ನಿಯಮವೂ ಇದೆ. ಪ್ಲಸ್ ಟುವಿನ ಎರಡು ವರ್ಷ ಇಂಗ್ಲಿಷಿನಲ್ಲೇ ಓದಿದ ಮೇಲೆ ಮತ್ತೆ ಕನ್ನಡಕ್ಕೆ ತಿರುಗಿದರೆ ಇನ್ನೂ ಕಷ್ಟ. ಇಂಗ್ಲಿಷಿನಲ್ಲೇ ಬರೆಯಿರಿ, ಆ ವರ್ಷವನ್ನು ಅದಕ್ಕೆ ಬಳಸಿ.

ನಿಮ್ಮ ಪೇಪರನ್ನೂ ಹೀಗೆಯೇ ಬಿಡಿಸಿ ನೋಡಿ. ತಪ್ಪಾದ ಪ್ರಶ್ನೆಗಳನ್ನು ವಿಂಗಡಿಸಿ. ಗೊತ್ತೇ ಇರಲಿಲ್ಲವಾ, ಗೊತ್ತಿದ್ದೂ ಓದುವಾಗ ತಪ್ಪಿತಾ, ಸುಮ್ನೆ ಅಂದಾಜಿಗೆ ಗುರುತು ಹಾಕಿದ್ದಾ? ಸರಿಯಾದರೆ 4, ತಪ್ಪಾದರೆ ಒಂದು ಕಡಿತ. 120 ಸರಿ, 60 ತಪ್ಪು ಅಂದರೆ 420. ಅದೇ ಹುಡುಗ ಗೊತ್ತಿಲ್ಲದ 30 ಪ್ರಶ್ನೆ ಮುಟ್ಟದೆ ಬಿಟ್ಟಿದ್ದರೆ 450. ಒಂದಕ್ಷರ ಹೆಚ್ಚು ಕಲಿಯದೆ 30 ಅಂಕ! ಓದುವಾಗ ತಪ್ಪಿದ್ದು, ಅಂದಾಜಿಗೆ ಹಾಕಿದ್ದು ಜಾಸ್ತಿ ಇದ್ದರೆ ಕೂರಿ, ಒಂದು ವರ್ಷದಲ್ಲಿ ಸರಿಹೋಗುತ್ತದೆ. ಗೊತ್ತೇ ಇಲ್ಲದ್ದು ಜಾಸ್ತಿ ಇದ್ದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಪ್ಲಸ್ ಟುವಿನಲ್ಲಿ ಓದಲು ಆಗಲಿಲ್ಲವಾ, ಓದಲು ಮನಸ್ಸೇ ಬರಲಿಲ್ಲವಾ? ಕಾಯಿಲೆ, ಮನೆಯ ಕಷ್ಟ, ಟೀಚರ್ ಇಲ್ಲದ್ದು, ಇದೆಲ್ಲ ಬೇರೆ. ಎರಡು ವರ್ಷ ಪುಸ್ತಕ ತೆರೆಯಲು ಮನಸ್ಸಿಲ್ಲದವನಿಗೆ ಮೂರನೇ ವರ್ಷ ಮನಸ್ಸು ಬರುವುದು ಬಹಳ ಅಪರೂಪ. ಎಂಬಿಬಿಎಸ್ ಅಂದರೆ ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಪಿಜಿಗೆ ಮತ್ತೊಂದು ನೀಟ್. ಓದೇ ಬೇಡ ಅನಿಸುವ ಮಗುವನ್ನು ಅಲ್ಲಿಗೆ ತಳ್ಳಬೇಡಿ.

ಹೆತ್ತವರಿಗೆ ಒಂದು ಮಾತು. ತೀರ್ಮಾನ ಮಗುವಿನದಾಗಿರಲಿ. "ನಮ್ಮ ಕುಟುಂಬದಲ್ಲಿ ಒಬ್ಬ ಡಾಕ್ಟರ್ ಆಗಬೇಕು" ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಅದು ಬರೀ ಪ್ರತಿಷ್ಠೆಯ ಆಸೆಯೂ ಅಲ್ಲ. ಇಲ್ಲಿ ಸ್ವಲ್ಪ ಜೋರು ಜ್ವರ ಬಂದರೂ ಮಂಗಳೂರಿಗೆ ಓಡಬೇಕು. 2020ರ ಮಾರ್ಚ್‌ನಲ್ಲಿ, ಕೋವಿಡ್ ಲಾಕ್‌ಡೌನ್ ಹೊತ್ತಿಗೆ, ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿಗೆ ಹೋಗಲು ಆಗದೆ ರೋಗಿಗಳು ಜೀವ ಬಿಟ್ಟದ್ದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ, 50 ಎಂಬಿಬಿಎಸ್ ಸೀಟಿಗೆ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ. ಅಲ್ಲಿ ನಮ್ಮ ಮಕ್ಕಳು ಓದಬೇಕು, ಕನ್ನಡ, ತುಳು ಬಲ್ಲ ಡಾಕ್ಟರ್ ಅಲ್ಲಿ ಕೂರಬೇಕು ಅಂತ ನನಗೂ ಆಸೆ. ಆದರೆ ಊರಿನ ಆಸೆಯನ್ನೆಲ್ಲ ಹದಿನೆಂಟು ವರ್ಷದ ಒಂದು ಮಗುವಿನ ತಲೆಗೆ ಹೊರಿಸುವುದು ಸರಿ ಅಲ್ಲ, ಅಲ್ವಾ?

ಕೋಚಿಂಗ್ ಎಲ್ಲಿ ಅಂತ ಕೇಳುತ್ತೀರಿ. ಕೇರಳದವರು ಪಾಲಾ, ತ್ರಿಶ್ಶೂರ್ ಅಂತಾರೆ, ನಮ್ಮ ಕಡೆಯವರು ಮಂಗಳೂರು, ಮೂಡುಬಿದಿರೆಯ ಲಾಂಗ್ ಟರ್ಮ್ (ವರ್ಷವಿಡೀ ಕೋಚಿಂಗ್) ಅಂತಾರೆ. ಹೆಸರು ನೋಡಿ ಸೇರಿಸಬೇಡಿ. ಒಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಸಂಶಯ ಕೇಳಲು ಯಾರು ಸಿಗುತ್ತಾರೆ, ವಾರದ ಪರೀಕ್ಷೆಯಲ್ಲಿ ತಪ್ಪಿದ್ದನ್ನು ಕೂತು ಹೇಳಿಕೊಡುತ್ತಾರಾ, ಇಷ್ಟು ವಿಚಾರಿಸಿ. ಕೆಲವು ಕಡೆ ಅಂಕದ ಪ್ರಕಾರ ಬ್ಯಾಚ್ ಮಾಡಿ ಒಳ್ಳೆಯ ಟೀಚರನ್ನೆಲ್ಲ ಮೊದಲ ಬ್ಯಾಚಿಗೆ ಕೊಡುತ್ತಾರೆ. ನಿಮ್ಮ ಮಗು ಕೊನೆಯ ಬ್ಯಾಚಿನಲ್ಲಿ ಕೂತರೆ ಕಟ್ಟಿದ ಹಣ ನೀರಿಗೆ ಹಾಕಿದ ಹಾಗೆ. ಚಿನ್ನ ಅಡವಿಟ್ಟು, ಸೊಸೈಟಿಯಲ್ಲಿ ಸಾಲ ಮಾಡಿ ಕಳಿಸುವ ಮೊದಲು ಮನೆಯಲ್ಲಿ ಕೂತು ಓದಲು ಆಗುತ್ತದಾ ಅಂತ ಯೋಚಿಸಿ. ನಮ್ಮ ಪ್ಲಸ್ ಟುವಿನಲ್ಲಿ ಓದಿಸುವುದು ಎನ್‌ಸಿಇಆರ್‌ಟಿ ಪುಸ್ತಕವನ್ನೇ. 720ರಲ್ಲಿ 360 ಅಂಕ ಬಯಾಲಜಿಗೆ, ಅದರ ಬಹುಪಾಲು ಆ ಪುಸ್ತಕದ ಸಾಲುಗಳಿಂದಲೇ ಬರುತ್ತದೆ, ಚಿತ್ರದ ಕೆಳಗಿನ ಸಾಲೂ ಸೇರಿ. ಫಿಸಿಕ್ಸ್‌ಗೆ ಮಾತ್ರ ಹೇಳಿಕೊಡುವವರು ಬೇಕು, ಅದನ್ನು ಒಬ್ಬರೇ ಕೂತು ಗೆಲ್ಲುವುದು ಕಷ್ಟ.

ಮನೆಯಲ್ಲಿ ಕೂತರೆ ಬೇರೆ ಕಾಟ ಇದೆ. ಮದುವೆ ಮನೆಯಲ್ಲಿ, ಕೋಲದ ದಿನ, ಬಸ್ ಸ್ಟಾಪಿನಲ್ಲಿ "ಈಗ ಏನು ಮಾಡ್ತಾ ಇದ್ದೀ" ಅಂತ ಕೇಳುವವರು. ಅಡಿಕೆ ಸುಲಿಯುವ ದಿನ ಮನೆಯಲ್ಲೇ ಇದ್ದಾನಲ್ಲ ಅಂತ ಕರೆಯುವ ಅಪ್ಪ. ಹೆಣ್ಣುಮಕ್ಕಳಾದರೆ ಅಡಿಗೆ ಕೆಲಸ ತಾನಾಗಿಯೇ ಹೆಗಲಿಗೆ ಬರುತ್ತದೆ. ಅಮ್ಮಂದಿರೇ, ಅಪ್ಪಂದಿರೇ, ಕೂರಿಸಿದ ಮೇಲೆ ಓದಲು ಬಿಡಿ. ಕೇಳುವವರಿಗೆ ಉತ್ತರವನ್ನು ನೀವೇ ಕೊಡಿ.

ಮಕ್ಕಳ ಮನಸ್ಸಿನ ಬಗ್ಗೆ ಎಲ್ಲರೂ ದಯವಿಟ್ಟು ಕೇಳಿ. ಜೊತೆಗಿದ್ದವರೆಲ್ಲ ಕಾಲೇಜಿಗೆ ಹೋಗಿ ಫೋಟೋ ಹಾಕುವಾಗ ಒಬ್ಬರೇ ಹಳೆಯ ಪುಸ್ತಕದ ಮುಂದೆ ಕೂರುವುದು ಸಣ್ಣ ಮಾತಲ್ಲ. ಕೋಚಿಂಗ್‌ಗೆ ಹೆಸರಾದ ರಾಜಸ್ಥಾನದ ಕೋಟಾದಲ್ಲಿ 2023ರ ಒಂದೇ ವರ್ಷದಲ್ಲಿ 20ಕ್ಕೂ ಹೆಚ್ಚು ಮಕ್ಕಳು ಜೀವ ಕಳೆದುಕೊಂಡರು. ನಿದ್ರೆ ಬಾರದೆ ಇದ್ದರೆ, ಊಟ ಬಿಟ್ಟರೆ, ಮಾತು ಕಡಿಮೆಯಾದರೆ "ಪರೀಕ್ಷೆ ಹೆದರಿಕೆ" ಅಂತ ತಳ್ಳಿಹಾಕಬೇಡಿ. ಸಹಾಯವಾಣಿಗಳಿವೆ: ಟೆಲಿ ಮಾನಸ್ 14416, ಕೇರಳದ ದಿಶಾ 1056, ಎರಡೂ ಉಚಿತ. ನಂಬರ್ ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ. ಮಧ್ಯದಲ್ಲಿ ನಿಲ್ಲಿಸಬೇಕು ಅಂತ ಮಗು ಹೇಳಿದರೆ ನಿಲ್ಲಿಸಿ.

ಎಷ್ಟು ಸಲ ಬರೆಯಬಹುದು? ನಿಯಮದಲ್ಲಿ ಮಿತಿ ಇಲ್ಲ, ವಯಸ್ಸಿನ ಮೇಲಿನ ಮಿತಿಯನ್ನೂ 2022ರಲ್ಲಿ ತೆಗೆದರು. ನನ್ನ ಮಾತು ಕೇಳುವುದಾದರೆ ಒಂದೇ ವರ್ಷ. ಎರಡನೆಯದು ಬೇಕಾದರೆ ಮೊದಲ ರಿಪೀಟ್‌ನಲ್ಲಿ ರ್‍ಯಾಂಕ್ ಚೆನ್ನಾಗಿ ಮೇಲೆ ಬಂದು ಸ್ವಲ್ಪದರಲ್ಲಿ ತಪ್ಪಿರಬೇಕು. ಇಲ್ಲದಿದ್ದರೆ ಬೇಡ. ನರ್ಸಿಂಗ್, ಫಿಸಿಯೋಥೆರಪಿ, ಎಂಎಲ್‌ಟಿ (ಲ್ಯಾಬ್ ಟೆಕ್ನಾಲಜಿ), ಫಾರ್ಮಸಿ, ಆಯುರ್ವೇದ, ಇವೆಲ್ಲ ಸೋತವರು ಹೋಗುವ ಜಾಗ ಅಂತ ಯಾರು ಹೇಳಿದ್ದು? ಫಿಸಿಕ್ಸ್ ಅಂದರೆ ಓಡುತ್ತಿದ್ದ ಒಬ್ಬ ಹುಡುಗ ರಿಪೀಟ್ ಬೇಡ ಅಂತ ಹಟ ಹಿಡಿದು ನರ್ಸಿಂಗ್‌ಗೆ ಸೇರಿದ. ಮನೆಯಲ್ಲಿ ಆಗ ದೊಡ್ಡ ಜಗಳ. ಈಗ ಐಸಿಯುವಿನಲ್ಲಿ ಕೆಲಸ ಮಾಡುತ್ತಾನೆ, ತನ್ನ ಕೆಲಸದ ಬಗ್ಗೆ ಮಾತಾಡಲು ಶುರು ಮಾಡಿದರೆ ನಿಲ್ಲಿಸುವುದಿಲ್ಲ.

ಕೊನೆಗೆ ಕಾಗದಪತ್ರ. ಒಂದು ವರ್ಷ ಕೂತು ಒಳ್ಳೆಯ ರ್‍ಯಾಂಕ್ ತೆಗೆದು, ಅರ್ಜಿ ಹಾಕದೆ ಸೀಟು ಕಳೆದುಕೊಂಡವರಿದ್ದಾರೆ. ನೀಟ್ ಬರೆದರೆ ಸಾಲದು. ಕೇರಳದ ಸೀಟಿಗೆ ಕೀಮ್ ಅಂದರೆ ಆ ರಾಜ್ಯದ ಪ್ರವೇಶದ ಅರ್ಜಿಯನ್ನೂ ಹಾಕಬೇಕು, ಸಾಮಾನ್ಯವಾಗಿ ನೀಟ್‌ಗಿಂತ ಮೊದಲೇ, ವರ್ಷದ ಮೊದಲ ತಿಂಗಳುಗಳಲ್ಲಿ ಕರೆಯುತ್ತಾರೆ. ಇಲ್ಲಿ ತುಂಬಾ ಮಕ್ಕಳು ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ಜನನ ಪತ್ರದಲ್ಲಿ ಕರ್ನಾಟಕ ಅಂತ ಇರುತ್ತದೆ. ಕೇರಳದವರು ಅಂತ ತೋರಿಸಲು ಬೇರೆ ದಾಖಲೆ ಬೇಕು, ವಿಲೇಜ್ ಆಫೀಸಿಗೆ ಈಗಲೇ ಹೋಗಿ, ಕೊನೆಯ ದಿನ ಅಲ್ಲಿ ಸಾಲು ಇರುತ್ತದೆ. ಕರ್ನಾಟಕದಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ದಾರಿ ಇದೆ. ನಮ್ಮ ಕಾಸರಗೋಡಿನಂತೆ ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಕಡೆಯ ಮಕ್ಕಳೂ ಆ ಪಟ್ಟಿಯಲ್ಲಿ ಬರುತ್ತಾರೆ. ಅದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎಯಲ್ಲಿ ಅರ್ಜಿ ಹಾಕುವಾಗಲೇ ಗಡಿನಾಡು ಅಂತ ಗುರುತಿಸಬೇಕು, ಅವರು ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು, ಗಡಿಭಾಗದಲ್ಲಿ ಓದಿದ ದಾಖಲೆ ಕೊಡಬೇಕು. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಆ ಪರೀಕ್ಷೆ ಹೂ ಎತ್ತಿದಷ್ಟು ಸುಲಭ. ಕಲಿತ ಶಾಲೆಯಿಂದ ವ್ಯಾಸಂಗ ಪತ್ರ ಮಾಡಿಸಿಟ್ಟುಕೊಳ್ಳಿ. ವರ್ಷ ಬಿಟ್ಟದ್ದಕ್ಕೆ ಕೆಲವು ಕಾಲೇಜಿನಲ್ಲಿ ಅಫಿಡವಿಟ್ ಕೇಳುತ್ತಾರೆ, ನೋಟರಿ ಹತ್ತಿರ ಮಾಡಿಸಿದರೆ ಮುಗಿಯಿತು, ಅದಕ್ಕೆ ಹೆದರಬೇಡಿ.

ಪ್ರಶ್ನೆಪತ್ರಿಕೆ ತಂದವರು ಯಾರೆಲ್ಲ ಇದ್ದೀರಿ? ಈ ಮೇಜಿನ ಹತ್ತಿರ ಬನ್ನಿ, ಒಬ್ಬೊಬ್ಬರದೇ ಬಿಡಿಸಿ ನೋಡೋಣ. ಹೆತ್ತವರು ಸ್ವಲ್ಪ ಹೊತ್ತು ಹೊರಗೆ ಕೂತಿರಿ.